ಪುಸ್ತಕದಲ್ಲಿಲ್ಲದ ಬೀದಿ

ಊರಿನಲ್ಲಿ ಮನೆ ಕೊಳ್ಳಬೇಕೆಂದವರು ಮೊದಲು ಬ್ಯಾಂಕಿಗೆ ಹೋಗುತ್ತಿದ್ದರು, ಆಮೇಲೆ ವಕೀಲರ ಹತ್ತಿರ, ಕೊನೆಗೆ ಬೀಗದ ಮಾಸ್ತರ ಹತ್ತಿರ. ಬ್ಯಾಂಕಿನವರು ಕೊಳ್ಳುವವರನ್ನು ನೋಡುತ್ತಿದ್ದರು, ವಕೀಲರು ಕಾಗದಪತ್ರ ನೋಡುತ್ತಿದ್ದರು, ಮಾಸ್ತರು ಬೀದಿಯನ್ನು ನೋಡುತ್ತಿದ್ದರು. ಮೂವರಲ್ಲಿ ಫೀಸು ತೆಗೆದುಕೊಳ್ಳದೆ ಅತಿ ಹೆಚ್ಚು ಹೊತ್ತು ಮಾತಾಡುತ್ತಿದ್ದವರು ಮಾಸ್ತರೊಬ್ಬರೇ.

ಮಾಸ್ತರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬಹಳ ಹಿಂದೆ, ಒಲೆಯ ಮೇಲೆ ಹಾಲಿಟ್ಟು ಹೊರಗೆ ಬಂದಾಗ ಬಾಗಿಲು ಬಡಿದುಕೊಂಡು ಕಂಗಾಲಾಗಿದ್ದ ಒಬ್ಬ ಹೆಂಗಸು, “ಮಾಸ್ತರೇ, ಬೇಗ ಬನ್ನಿ!” ಎಂದು ಓಡಿ ಬಂದಿದ್ದಳು. ಗಾಬರಿಯಲ್ಲಿ ಆಕೆಯ ಬಾಯಿಗೆ ಬಂದ ಮಾತನ್ನು ಅವರು ಹಾಗೇ ಎತ್ತಿಟ್ಟುಕೊಂಡರು. ಮರುದಿನವೇ ಅಂಗಡಿಯ ಹಲಗೆಯ ಮೇಲೆ ‘ಬೀಗದ ಮಾಸ್ತರ್’ ಎಂದು ಬರೆಸಿದರು. ಬರೆದವನು ಎಲ್ಲಿ ಕಲಿತಿರಿ ಎಂದು ಕೇಳಲಿಲ್ಲ, ಇವರೂ ಹೇಳಲಿಲ್ಲ.

ಅಂಗಡಿ ಇದ್ದದ್ದು ಬಸ್ ನಿಲ್ದಾಣದ ಹಿಂದೆ, ಒಂದು ಹಳೆಯ ಕಟ್ಟಡದ ಮೆಟ್ಟಿಲಿನ ಕೆಳಗೆ. ಮುಂದಿನ ಅರ್ಧದಲ್ಲಿ ನಿಲ್ಲಬಹುದು, ಹಿಂದಿನ ಅರ್ಧದಲ್ಲಿ ಬಗ್ಗಬೇಕು. ಕೀ ಮಾಡುವ ಮಷೀನ್ ಇದ್ದದ್ದು ಹಿಂದಿನ ಅರ್ಧದಲ್ಲಿ. ಮೂವತ್ತೆರಡು ವರ್ಷದಲ್ಲಿ ಮಾಸ್ತರ ತಲೆಗೆ ಎಲ್ಲಿ ಇಳಿಜಾರು ಶುರುವಾಗುತ್ತದೆ ಎಂಬುದು ಎಷ್ಟು ರೂಢಿಯಾಗಿತ್ತೆಂದರೆ, ಬಯಲಲ್ಲಿ ನಡೆಯುವಾಗಲೂ ಅವರು ಆಗಾಗ ಕತ್ತು ತಗ್ಗಿಸಿಬಿಡುತ್ತಿದ್ದರು. ಇದನ್ನು ಕಂಡವರು ಎಂಥ ವಿನಯ ಎಂದುಕೊಳ್ಳುತ್ತಿದ್ದರು. ಅದೊಂದನ್ನು ಬಿಟ್ಟರೆ ವಿನಯದ ಲಕ್ಷಣ ಅವರಲ್ಲಿ ಬೇರೆ ಇರಲಿಲ್ಲ.

ಅವರ ಆಸ್ತಿಯೆಂದರೆ ಪುಸ್ತಕ. ಕಪ್ಪು ರೆಕ್ಸಿನ್ ಹೊದಿಕೆಯ ಉದ್ದನೆಯ ರಿಜಿಸ್ಟರು, ಈಗ ಐದನೆಯ ಸಂಪುಟ ನಡೆಯುತ್ತಿತ್ತು. ಎಲ್ಲಿಗೆ ಬೀಗ ತೆಗೆಯಲು ಹೋದರೂ ಬಂದ ಮೇಲೆ ಬರೆಯುವುದು: ಬೀದಿ, ಬಾಗಿಲ ನಂಬರು, ಬೀಗದ ಜಾತಿ, ತೆಗೆಯಲು ಹಿಡಿದ ನಿಮಿಷ. ಎರಡು ನಿಮಿಷ, ಮೂರು ನಿಮಿಷ. ನಾಲ್ಕು ನಿಮಿಷ ದಾಟಿದ್ದರೆ ಪಕ್ಕದಲ್ಲಿ ಕಾರಣ: ‘ತುಕ್ಕು’, ‘ಒಳಗೆ ಮುರಿದ ಕೀ’, ಒಂದು ಕಡೆ ‘ಮನೆಯವರು ತಲೆ ತಿಂದದ್ದು’.

ಮನೆ ಕೊಳ್ಳುವವರು ಬಂದರೆ ಮಾಸ್ತರು ಕನ್ನಡಕ ಒರೆಸಿ ಪುಸ್ತಕ ತೆರೆಯುತ್ತಿದ್ದರು.

“ಆ ದೊಡ್ಡ ಗೇಟುಗಳ ಬೀದಿಯಾ? ಹದಿನಾಲ್ಕು ಸಲ ಹೋಗಿದ್ದೀನಿ. ಅದರಲ್ಲಿ ಆರು ಸಲ ಗಂಡ ಹೆಂಡತಿ ಜಗಳ ಆಡಿ ಬೀಗ ಬದಲಾಯಿಸಿದ್ದು. ಮೂರು ಸಲ ಅಣ್ಣ ತಮ್ಮ. ಗೇಟು ನೋಡಿ ಮರುಳಾಗ್ಬೇಡಿ.”

“ಕೆರೆ ಕಡೆ ಹೊಸ ಬಡಾವಣೆ ಹೇಗೆ, ಮಾಸ್ತರೇ?”

“ಬಾಗಿಲಿಗೆ ಮೂರು ಮೂರು ಬೀಗ. ಕದಿಯೋ ಅಂಥದ್ದು ಒಳಗೆ ಏನೂ ಇಲ್ಲ, ನಾನೇ ನೋಡಿದ್ದೀನಿ. ಹೆದರಿಕೆ ಜಾಸ್ತಿ ಇರೋ ಜಾಗ. ನಿಮಗೂ ಅಂಟುತ್ತೆ.”

ಕೇಳಿದವರು ತಲೆದೂಗಿ ಹೋಗುತ್ತಿದ್ದರು. ಕೆಲವರು ಅವರು ಹೇಳಿದ ಹಾಗೆ ಮಾಡುತ್ತಿದ್ದರು, ಹೆಚ್ಚಿನವರು ಮೊದಲೇ ಮುಂಗಡ ಕೊಟ್ಟು ಬಂದಿರುತ್ತಿದ್ದರು.

ಹೀಗೆ ಊರಿಗೆಲ್ಲ ಬೀದಿ ಆರಿಸಿಕೊಟ್ಟವರು ತಾವು ಇದ್ದದ್ದು ಬಾಡಿಗೆ ಮನೆಯಲ್ಲಿ, ಎರಡನೆಯ ಮಹಡಿಯಲ್ಲಿ, ನಲವತ್ತೊಂದು ಮೆಟ್ಟಿಲು ಹತ್ತಿ. ಅದು ಮದುವೆಯಾದ ಮೇಲೆ ಆರನೆಯ ಮನೆ. ಮೆಟ್ಟಿಲು ಎಣಿಸಿದ್ದು ಹೆಂಡತಿ, ಏಕೆಂದರೆ ಮಂಡಿ ನೋವು ಆಕೆಯದು.

ಮನೆಯ ಯಜಮಾನ ತನ್ನ ತಂಗಿ ಇಲ್ಲಿ ಬಂದು ಇರುತ್ತಾಳೆ, ಮೂರು ತಿಂಗಳಲ್ಲಿ ಖಾಲಿ ಮಾಡಿಕೊಡಿ ಎಂದಾಗ ಆಕೆ ಬೇಸರ ಪಡಲಿಲ್ಲ. ಕಾಲು ನೀಡಿ ಕೂತು ಹೇಳಿದಳು.

“ಇನ್ನು ಬಾಡಿಗೆ ಬೇಡ ರೀ. ಕೂಡಿಟ್ಟಿರೋದು ಒಂದು ಸಣ್ಣ ಮನೆಗೆ ಸಾಕು. ನೆಲಕ್ಕೆ ಹತ್ತಿರ ಇರ್ಲಿ. ನನ್ನ ಹೊಲಿಗೆ ಮಷೀನ್ ಇಡೋಕೆ ಬೀದಿ ಕಡೆ ಒಂದು ಕಿಟಕಿ. ಆಮೇಲೆ...”

“ಆಮೇಲೆ?”

“ಮಾತಿಗೆ ಯಾರಾದ್ರೂ ಒಬ್ಬರು. ನೀವು ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀರಿ. ಈ ಮಹಡಿ ಮೇಲೆ ನಾನು ಮಷೀನ್ ಜೊತೆ ಮಾತಾಡೋಕೆ ಶುರು ಮಾಡಿದ್ದೀನಿ. ಮೊನ್ನೆ ಅದು ತಿರುಗಿ ಉತ್ತರ ಕೊಟ್ಟ ಹಾಗಾಯ್ತು.”

ಮಾಸ್ತರು ನಕ್ಕರು. ಆಕೆ ನಗಲಿಲ್ಲ.

ಎರಡು ತಿಂಗಳಲ್ಲಿ ಒಂಬತ್ತು ಮನೆ ನೋಡಿದರು. ಒಂಬತ್ತಕ್ಕೂ ಮಾಸ್ತರು ಮೂಗು ಮುರಿದರು. ಒಂದು ಬೀದಿಯಲ್ಲಿ ಮಗ ಅಪ್ಪನನ್ನು ಹೊರಗೆ ಹಾಕಿ ಬೀಗ ಬದಲಾಯಿಸಿದ್ದ. ಇನ್ನೊಂದರಲ್ಲಿ ಒಬ್ಬ ಹೆಂಗಸು ಎರಡು ಗಂಟೆ ಹೊರಗೆ ನಿಂತಿದ್ದಾಗ ಯಾರೂ ಒಂದು ಕುರ್ಚಿ ಕೊಟ್ಟಿರಲಿಲ್ಲ. ಮತ್ತೊಂದರಲ್ಲಿ ಎಲ್ಲವೂ ಸರಿಯಿತ್ತು, ಆದರೆ ಮಾಸ್ತರ ಪ್ರಕಾರ ಆ ಬೀದಿಯ ಬೀಗಗಳು ‘ಗೌರವವಿಲ್ಲದ ಬೀಗಗಳು’.

ಅದೇ ಊರಿನ ಇನ್ನೊಂದು ತುದಿಯಲ್ಲಿದ್ದ ಮಗಳು ಭಾನುವಾರ ಬಂದಾಗ ಮೊಬೈಲು ತೆಗೆದಳು.

“ಅಪ್ಪಾ, ಈ ಏರಿಯಾಗೆ ನಾಲ್ಕೂವರೆ ಸ್ಟಾರ್ ಕೊಟ್ಟಿದ್ದಾರೆ ನೋಡು.”

“ಯಾರು ಕೊಟ್ಟಿದ್ದು?”

“ಜನ. ಅಲ್ಲಿ ಇರೋರು.”

“ಅವರ ಬೀಗ ನಾನು ನೋಡಿದ್ದೀನಿ. ಅರ್ಧ ಸ್ಟಾರ್‌ಗೂ ಲಾಯಕ್ಕಿಲ್ಲ.”

“ನಿನಗೆ ಮನೆ ಬೇಕಾ, ಬೀಗ ಬೇಕಾ?”

“ಬೀಗ ಇಲ್ಲದ ಮನೆ ಎಲ್ಲಾದರೂ ಇದೆಯೇನೇ?”

“ಅಮ್ಮಾ, ನೀನೇ ಹೇಳು ಅಪ್ಪನಿಗೆ.”

“ಮೂವತ್ತು ವರ್ಷದಿಂದ ಹೇಳ್ತಿದ್ದೀನಿ. ಇನ್ನು ನಿನ್ನ ಸರದಿ,” ಎಂದು ಹೆಂಡತಿ ಸೂಜಿಗೆ ದಾರ ಪೋಣಿಸಿದಳು.

ಹತ್ತನೆಯ ಮನೆಯನ್ನು ದಲ್ಲಾಳಿ ಒಂದು ಮಂಗಳವಾರ ತೋರಿಸಿದ. ಹಳೆಯ ಪ್ರಿಂಟಿಂಗ್ ಪ್ರೆಸ್ಸಿನ ಹಿಂದೆ ಒಂದು ಗಿಡ್ಡ ಬೀದಿ. ಹನ್ನೊಂದೇ ಮನೆ, ಆ ತುದಿಗೆ ಶಾಲೆಯ ಆಟದ ಮೈದಾನದ ಗೋಡೆ. ಮನೆ ನಂಬರು ಏಳು, ಎರಡು ಕೋಣೆ, ಒಂದು ಅಡುಗೆಮನೆ, ಬೀದಿಗೆ ಮೂರೇ ಮೆಟ್ಟಿಲು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರೊಬ್ಬರು ಇಷ್ಟು ವರ್ಷ ಇದ್ದು, ಈಗ ತಮ್ಮನ ಊರಿಗೆ ಹೋಗಿದ್ದರು. ಮುಂದಿನ ಕೋಣೆಗೆ ಕಿಟಕಿಯಿತ್ತು. ಅದರ ಕೆಳಗೆ ನೆಲದಲ್ಲಿ ಮೇಜಿನ ನಾಲ್ಕು ಕಾಲಿನ ಗುರುತಿತ್ತು. ಹೆಂಡತಿ ಆ ಗುರುತುಗಳ ನಡುವೆ ಹೋಗಿ ನಿಂತು ಹೊರಗೆ ನೋಡಿದಳು. ಆಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಮಾಸ್ತರು ದಲ್ಲಾಳಿಯನ್ನು ಕಟ್ಟಿಕೊಂಡು ಹಿತ್ತಲ ಬಾಗಿಲ ಅಗುಳಿ ಪರೀಕ್ಷೆಗೆ ಹೋದರು. ಅದಕ್ಕೆ ಅರ್ಧ ಗಂಟೆ ಹಿಡಿಯಿತು.

“ಶನಿವಾರದೊಳಗೆ ಹೇಳ್ಬಿಡಿ ಮಾಸ್ತರೇ. ಇನ್ನೊಂದು ಪಾರ್ಟಿ ಇದಾರೆ, ಕಾರಿನವರು,” ಎಂದ ದಲ್ಲಾಳಿ.

ಮನೆಗೆ ಬರುವಾಗ ಮಾಸ್ತರು ಅಂಗಡಿಯಿಂದ ಐದೂ ಸಂಪುಟ ಹೊತ್ತು ತಂದರು. ಒಂದನೆಯದರಿಂದ ಐದನೆಯದರ ತನಕ ಬೆರಳಿಟ್ಟು ನೋಡಿದರು. ಮತ್ತೆ ಹಿಂದಿನಿಂದ ಮುಂದಕ್ಕೆ ನೋಡಿದರು. ಕೊನೆಗೆ ಕನ್ನಡಕ ತೆಗೆದರು.

“ಆ ಬೀದಿ ನನ್ನ ಪುಸ್ತಕದಲ್ಲೇ ಇಲ್ಲ.”

“ಅಂದ್ರೆ?”

“ಮೂವತ್ತೆರಡು ವರ್ಷದಲ್ಲಿ ಒಂದು ಸಲನೂ ಯಾರೂ ಕರೆದಿಲ್ಲ. ಹನ್ನೊಂದು ಮನೆ! ಒಂದು ಕೀನೂ ಕಳೆದಿಲ್ಲ, ಒಂದು ಬಾಗಿಲೂ ಗಾಳಿಗೆ ಬಡಿದುಕೊಂಡಿಲ್ಲ. ಇದೆಲ್ಲ ನಡೆಯೋ ಮಾತಾ? ಏನೋ ಇದೆ ಅಲ್ಲಿ. ಗೊತ್ತಿಲ್ಲದ ಜಾಗಕ್ಕೆ ನಾನು ಕಾಲಿಡಲ್ಲ. ನಾಳೆ ದಲ್ಲಾಳಿಗೆ ಬೇಡ ಅಂತೀನಿ.”

ಹೆಂಡತಿ ಎದ್ದಳು. ಹೊರಗೆ ಯಾರೋ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಮೊದಲ ಮಹಡಿಯಲ್ಲಿ ಬಾಗಿಲು ತೆರೆದು ಮುಚ್ಚಿಕೊಂಡಿತು.

“ಇದು ಬೇಡ ಅಂದ್ರೆ ಇನ್ನು ನನ್ನ ಕರ್ಕೊಂಡು ಹೋಗ್ಬೇಡಿ ರೀ. ಮಹಡಿನೋ, ಅಟ್ಟನೋ, ಸಿಕ್ಕಿದ್ದಕ್ಕೆ ಸಾಮಾನು ಹಾಕ್ಬಿಡಿ. ನಾನು ಏನೂ ಕೇಳಲ್ಲ.” ಒಳಗೆ ಹೋಗುತ್ತ ತಿರುಗಿ, ಸಣ್ಣ ದನಿಯಲ್ಲಿ ಒಂದು ಮಾತು ಸೇರಿಸಿದಳು. “ನಿಮ್ಮ ಪುಸ್ತಕದಲ್ಲಿ ನಮ್ಮ ಸಾಲುಮನೆನೂ ಇಲ್ಲ.”

ಜಗಳವಾಡಿದ್ದರೆ ಮಾಸ್ತರು ಗೆಲ್ಲುತ್ತಿದ್ದರು. ಅವರ ಹತ್ತಿರ ಐದು ಸಂಪುಟ ಪುರಾವೆಯಿತ್ತು. ಆದರೆ ಸಾಲುಮನೆ ಎಂಬ ಮಾತು ಬಂದ ಮೇಲೆ ಅವರು ಸಂಪುಟಗಳನ್ನು ಒಂದೊಂದಾಗಿ ಮುಚ್ಚಿದರು. ಆ ಮಾತು ಆ ಮನೆಯಲ್ಲಿ ವರ್ಷಕ್ಕೊಮ್ಮೆಯೂ ಬರುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಅವರಿದ್ದದ್ದು ಆರು ಮನೆಗಳ ಒಂದು ಸಾಲಿನಲ್ಲಿ. ಒಂದೊಂದಕ್ಕೂ ಒಂದೇ ಕೋಣೆ, ಮುಂದೆ ಎಲ್ಲರಿಗೂ ಸೇರಿದ ಅಂಗಳ, ಅಂಗಳದ ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು. ಪಕ್ಕದ ಮನೆಯಲ್ಲಿ ಟೈಲರಕ್ಕ ಎಂಬಾಕೆ ಇದ್ದಳು. ಇವರ ಹೆಂಡತಿಗೆ ಮಷೀನ್ ತುಳಿಯುವುದನ್ನು ಕಲಿಸಿದವಳು ಆಕೆಯೇ. ಆಕೆಯ ಬಾಗಿಲ ಪಕ್ಕ ಒಂದು ಮೊಳೆ, ಮೊಳೆಯಲ್ಲಿ ಕೆಂಪು ದಾರ, ದಾರದಲ್ಲಿ ಇವರ ಮನೆಯ ಕೀ. ಇಬ್ಬರೂ ಹೊರಗೆ ಹೋಗಿದ್ದಾಗ ಮಳೆ ಬಂದರೆ ಕಿಟಕಿ ಮುಚ್ಚಿರುತ್ತಿತ್ತು. ಚಳಿಗಾಲದ ಸಂಜೆ ದುಡಿದು ಬಂದರೆ ಒಲೆಯ ಮೇಲೆ ಬಿಸಿನೀರು ಕಾದಿರುತ್ತಿತ್ತು, ಯಾರು ಇಟ್ಟರೆಂದು ಕೇಳುವ ಪದ್ಧತಿ ಇರಲಿಲ್ಲ. ಒಮ್ಮೆ ಇವರ ಅಂಗಿಯ ಕಿತ್ತುಹೋದ ಗುಂಡಿ ತಾನಾಗಿಯೇ ಬಂದು ಕೂತಿತ್ತು. ಮಧ್ಯಾಹ್ನ ಎರಡು ಮಷೀನುಗಳೂ ಒಟ್ಟಿಗೆ ಓಡುವಾಗ ಇಡೀ ಸಾಲಿಗೆ ಒಂದು ಲಯ ಬರುತ್ತಿತ್ತು. ಆ ಸದ್ದು ಮಾಸ್ತರಿಗೆ ಈಗಲೂ ನೆನಪಿತ್ತು: ಅಕ್ಕನ ಮಷೀನ್ ಸ್ವಲ್ಪ ಕುಂಟುತ್ತಿತ್ತು, ಇವಳದು ಅದನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು.

ಮಾಸ್ತರು ಆಗಷ್ಟೇ ಕೆಲಸ ಕಲಿತಿದ್ದರು. ಕೆಲಸ ಹೊಸದಾಗಿ ಕಲಿತವನಿಗೆ ಲೋಕವೆಲ್ಲ ತನ್ನ ಕೆಲಸಕ್ಕಾಗಿಯೇ ಕಾದು ಕೂತಿದೆ ಎನಿಸುತ್ತದೆ. ಬೀಗ ಮಾಡುವವನ ಮನೆಯ ಕೀ ಪರರ ಗೋಡೆಯಲ್ಲಿ ತೂಗಾಡುವುದು ಅವರಿಗೆ ಅವಮಾನವಾಗಿ ಕಂಡಿತು. ಮೂರು ವಾರ ಕೂತು ಏಳು ಲಿವರಿನ, ಬೇರೆ ಯಾವ ಕೀಗೂ ಬಗ್ಗದ ಒಂದು ಬೀಗ ತಯಾರಿಸಿದರು. ಅದಕ್ಕೆ ಎರಡೇ ಕೀ: ಒಂದು ತಮಗೆ, ಒಂದು ಹೆಂಡತಿಗೆ. ಹಳೆಯ ಕೀ ಮೊಳೆಯಿಂದ ತೆಗೆದುಕೊಳ್ಳುತ್ತ ದೊಡ್ಡ ಮನಸ್ಸಿನಿಂದ ಹೇಳಿದರು.

“ಇನ್ನು ನಿಮಗೆ ತೊಂದರೆ ಇಲ್ಲ ಅಕ್ಕ.”

“ತೊಂದರೆ ಅಂತ ಯಾರು ಹೇಳಿದ್ರಪ್ಪ?” ಎಂದಳು ಟೈಲರಕ್ಕ. ಅಷ್ಟೇ. ಕೆಂಪು ದಾರವನ್ನು ಬಿಚ್ಚಿ ತಾನೇ ಇಟ್ಟುಕೊಂಡಳು.

ತಿಂಗಳೊಳಗೆ ಒಂದು ದಿನ ನಲ್ಲಿಯಲ್ಲಿ ನೀರಿಲ್ಲದಾಗ ತಿರುಗಿಸಿ, ಹಾಗೇ ಬಿಟ್ಟು, ಇಬ್ಬರೂ ಹೊರಟುಹೋದರು. ಮಧ್ಯಾಹ್ನ ನೀರು ಬಂತು. ಬಾಗಿಲ ಕೆಳಗಿನಿಂದ ಅಂಗಳಕ್ಕೆ ಹರಿಯಿತು. ಐದು ಮನೆಯವರು ಬಕೆಟ್ಟು, ಹಳೆಯ ಬಟ್ಟೆ ಹಿಡಿದು ಬೀಗದ ಮುಂದೆ ನಿಂತರು. ಯಾರು ಯಾರೋ ಕೈಯಾಡಿಸಿದರು, ಒಬ್ಬರು ಕಲ್ಲಿನಿಂದ ಕುಟ್ಟಿಯೂ ನೋಡಿದರು. ಸಂಜೆ ಮಾಸ್ತರು ಬಂದು ಬಾಗಿಲು ತೆಗೆದಾಗ ಹಾಸಿಗೆ ತೇಲುತ್ತಿತ್ತು. ಹೆಂಡತಿ ಒಪ್ಪಿಕೊಂಡು ತಂದಿದ್ದ ಹೊಲಿಗೆಯ ಬಟ್ಟೆಗಳೆಲ್ಲ ಬಣ್ಣ ಬಿಟ್ಟಿದ್ದವು. ಪಾದ ಮುಳುಗುವ ನೀರಿನಲ್ಲಿ ನಿಂತು ಮಾಸ್ತರು ಸುತ್ತಲಿನವರನ್ನು ನೋಡಿ ಹೇಳಿದ ಮೊದಲ ಮಾತು:

“ನೋಡಿದ್ರಾ? ಒಬ್ಬರಿಗೂ ತೆಗೆಯೋಕೆ ಆಗಲಿಲ್ಲ!”

ಹೆಂಡತಿ ಎರಡು ದಿನ ಮಾತು ಬಿಟ್ಟಳು. ಟೈಲರಕ್ಕ ಮಾತು ಬಿಡಲಿಲ್ಲ, ಆದರೆ ಮೊದಲಿನ ಹಾಗೆ ಕರೆಯದೆ ಒಳಗೆ ಬರುವುದನ್ನು ಬಿಟ್ಟಳು. ಬಾಗಿಲು ತಟ್ಟಿ, ಹೊರಗೆ ನಿಂತು ಮಾತಾಡಿಸುತ್ತಿದ್ದಳು. ಮರುವರ್ಷ ಇವರು ದೊಡ್ಡ ಮನೆಗೆ ಹೋದರು. ಮೊದಲು ಹೋಗಿ ಬರುವುದಿತ್ತು, ಆಮೇಲೆ ಸಿಕ್ಕಿದವರ ಹತ್ತಿರ ಕೇಳಿದೆನೆಂದು ಹೇಳಿ ಎನ್ನುವುದಿತ್ತು, ಆಮೇಲೆ ಸಿಗುವವರೂ ಇರಲಿಲ್ಲ. ಸಾಲುಮನೆ ಇದ್ದ ಜಾಗದಲ್ಲಿ ಈಗ ಪೆಟ್ರೋಲ್ ಬಂಕ್.

ಬುಧವಾರ ಮಾಸ್ತರು ದಲ್ಲಾಳಿಗೆ ಫೋನ್ ಮಾಡಲಿಲ್ಲ. ಗುರುವಾರವೂ ಮಾಡಲಿಲ್ಲ. ಶುಕ್ರವಾರ ಅಂಗಡಿಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸಿ, ಆ ಗಿಡ್ಡ ಬೀದಿಗೆ ಹೊರಟರು. ಪುಸ್ತಕದಲ್ಲಿ ಇಲ್ಲದಿದ್ದರೇನು, ಸ್ಥಳ ಪರಿಶೀಲನೆ ಮಾಡಿಯೇ ಬಿಡೋಣ ಎಂದುಕೊಂಡರು. ಹೆಂಡತಿಗೆ ಹೇಳಲಿಲ್ಲ. ತಜ್ಞರು ತಮ್ಮ ಅನುಮಾನವನ್ನು ಮನೆಯವರಿಗೆ ತೋರಿಸಿಕೊಳ್ಳುವುದಿಲ್ಲ.

ಪರಿಶೀಲನೆಯ ಕ್ರಮ ಹೀಗಿತ್ತು: ಪ್ರತಿ ಮನೆಯ ಮುಂದೆ ನಿಲ್ಲುವುದು, ಮೊಳಕಾಲು ಬಗ್ಗಿಸಿ ಬೀಗದ ಮಟ್ಟಕ್ಕೆ ಕಣ್ಣು ತರುವುದು, ಕೀ ತೂರುವ ತೂತಿನ ಅಂಚು ಸವೆದಿದೆಯೇ ನೋಡುವುದು. ಒಂದನೆಯ ಮನೆ, ಸಾಧಾರಣ ಬೀಗ. ಎರಡನೆಯದು, ಅದೂ ಸಾಧಾರಣ. ಮೂರನೆಯದಂತೂ ಮುಟ್ಟಿದರೆ ತೆರೆದುಕೊಳ್ಳುವಂಥದ್ದು. ಮಾಸ್ತರು ಲೊಚಗುಟ್ಟುತ್ತ ನಾಲ್ಕನೆಯ ಬಾಗಿಲಿಗೆ ಬಗ್ಗಿದಾಗ ಹಿಂದಿನಿಂದ ದನಿ ಬಂತು.

“ಏನಪ್ಪಾ, ಆಗಿನಿಂದ ನೋಡ್ತಿದ್ದೀನಿ. ಒಂದೊಂದು ಬಾಗಿಲಿಗೂ ನಮಸ್ಕಾರ ಮಾಡ್ಕೊಂಡು ಬರ್ತಿದ್ದೀಯ. ಏನು ಹರಕೆ?”

ಎದುರುಗಡೆಯ ಆರನೆಯ ನಂಬರಿನ ಮೆಟ್ಟಿಲ ಮೇಲೆ ಎಪ್ಪತ್ತೈದು ದಾಟಿದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಬೀದಿಯವರೆಲ್ಲ ಆಕೆಯನ್ನು ನರ್ಸಮ್ಮ ಎನ್ನುತ್ತಿದ್ದರು. ಆಸ್ಪತ್ರೆ ಬಿಟ್ಟು ಹದಿನೈದು ವರ್ಷವಾಗಿದ್ದರೂ ದನಿ ಮಾತ್ರ ಇನ್ನೂ ವಾರ್ಡಿನಲ್ಲೇ ಇತ್ತು. ಆಕೆಯ ದನಿಗೆ ಪಕ್ಕದ ಮನೆಯಿಂದ ಬನಿಯನ್ನಿನ ದಪ್ಪ ಮನುಷ್ಯನೊಬ್ಬ ಹೊರಬಂದ. ಆತ ನಿವೃತ್ತ ಬಸ್ ಡ್ರೈವರು.

“ಯಾರು ನರ್ಸಮ್ಮ ಇವರು?”

“ಅದನ್ನೇ ಕೇಳ್ತಿದ್ದೀನಿ. ಚೀಲದಲ್ಲಿ ಏನಿದೆ, ತೆಗಿ ನೋಡೋಣ.”

ಮಾಸ್ತರು ಗಂಭೀರವಾಗಿ ಚೀಲ ತೆರೆದರು. ಬಾಗಿಸಿದ ತಂತಿಗಳು, ಕೊಕ್ಕೆಗಳು, ಅರಗಳು, ಸಣ್ಣ ಸುತ್ತಿಗೆ, ನೂರಾರು ಕೀಗಳ ಒಂದು ದೊಡ್ಡ ಬಳೆ. ಹೊರಗೆ ಬಂದ ಒಂದೊಂದು ಸಾಮಾನಿಗೂ ಡ್ರೈವರಿನ ಹುಬ್ಬು ಒಂದೊಂದು ಮೆಟ್ಟಿಲು ಮೇಲೇರಿತು.

“ನರ್ಸಮ್ಮ, ಪೂರ್ತಿ ಸೆಟ್ಟೇ ತಂದಿದ್ದಾನೆ!”

“ತಪ್ಪು ತಿಳೀಬೇಡಿ,” ಎಂದರು ಮಾಸ್ತರು, ಎದೆ ಮುಂದೆ ಮಾಡಿ. “ನಾನು ಬೀಗದ ಮಾಸ್ತರ್.”

ಇಷ್ಟು ಹೇಳಿದರೆ ಊರಿನ ಯಾವ ಮೂಲೆಯಲ್ಲೂ ಸಾಕಾಗುತ್ತಿತ್ತು. ಇಲ್ಲಿ ಇಬ್ಬರೂ ಮುಂದಿನ ಮಾತಿಗೆ ಕಾದರು.

“ಯಾವ ಮಾಸ್ತರು? ಗಣಿತವಾ?” ಎಂದ ಡ್ರೈವರು.

“ಬೀಗ ತೆಗೆಯೋನು ರೀ! ಇಡೀ ಊರಿಗೇ ಗೊತ್ತು!”

“ನಮಗೆ ಗೊತ್ತಿಲ್ಲವಲ್ಲಪ್ಪ. ನಮ್ಮ ಬೀದಿಗೆ ಬೀಗ ತೆಗೆಯೋರು ಯಾಕೆ ಬೇಕು?”

ಮಾಸ್ತರಿಗೆ ರೇಗಿತು. ಕಳ್ಳನೆಂದುಕೊಂಡದ್ದಕ್ಕಿಂತ ಗೊತ್ತಿಲ್ಲ ಎಂದಿದ್ದು ಹೆಚ್ಚು ಚುಚ್ಚಿತು.

“ಅದನ್ನೇ ಕೇಳೋಣ ಅಂತ ಬಂದೆ. ಇಲ್ಲಿ ಯಾರೂ ಕೀ ಕಳ್ಕೊಳ್ಳೋದೇ ಇಲ್ವಾ? ಗಾಳಿಗೆ ಬಾಗಿಲು ಹಾಕ್ಕೊಳ್ಳೋದೇ ಇಲ್ವಾ?”

“ಯಾಕಿಲ್ಲ? ಈ ಡ್ರೈವರೊಬ್ಬನೇ ವಾರಕ್ಕೊಂದು ಸಲ ಹೊರಗೆ ಉಳೀತಾನೆ.”

“ವಾರಕ್ಕೆ ಎಲ್ಲಿ ನರ್ಸಮ್ಮ? ತಿಂಗಳಿಗೆ ಎರಡು ಸಲ ಅಷ್ಟೇ.”

“ಮೊನ್ನೆ ಟವೆಲ್ ಸುತ್ಕೊಂಡು ನಿಂತಿದ್ದೆಯಲ್ಲ, ಅದು ಯಾವ ತಿಂಗಳ ಲೆಕ್ಕ?”

“ಮತ್ತೆ ಆಗ ಏನು ಮಾಡ್ತೀರಿ?” ಎಂದು ಮಾಸ್ತರು ನಡುವೆ ಬಾಯಿ ಹಾಕಿದರು.

ನರ್ಸಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. ರೋಗಿಗೆ ನಿಜವಾಗಿ ಜ್ವರವಿದೆಯೋ, ಸುಮ್ಮನೆ ಮುಲುಗುತ್ತಿದ್ದಾನೋ ಎಂದು ನೋಡುವ ನೋಟ ಅದು.

“ಬಾ ಒಳಗೆ. ಚಪ್ಪಲಿ ಅಲ್ಲೇ ಬಿಡು.”

ಅಡುಗೆಮನೆಯ ಗೋಡೆಯಲ್ಲಿ ಒಂದು ಮರದ ಹಲಗೆಯಿತ್ತು. ಹಲಗೆಯಲ್ಲಿ ಎರಡು ಸಾಲು ಮೊಳೆ. ಒಂದೊಂದು ಮೊಳೆಯ ಮೇಲೆ ಗಾಯಕ್ಕೆ ಅಂಟಿಸುವ ಪಟ್ಟಿಯ ತುಂಡು, ಅದರ ಮೇಲೆ ಮನೆಯ ನಂಬರು. ಕೆಳಗೆ ಕೀಗಳು.

“ಎಲ್ಲರದೂ ಇದೆ. ನನ್ನದು ಡ್ರೈವರ್ ಮನೇಲಿ. ಗ್ಯಾಸ್ ತರೋರು ಬಂದ್ರೆ, ಯಾರಿಗಾದ್ರೂ ಮೈ ಸರಿ ಇಲ್ದಿದ್ರೆ, ಮಳೆ ಬಂದ್ರೆ, ಇಲ್ಲಿಂದ ತಗೊಂಡು ಹೋಗೋದು. ಇದಕ್ಕೆ ನಿನ್ನಂಥೋರನ್ನ ಕರೆಯೋಕೆ ನಮಗೇನು ಹುಚ್ಚಾ?”

ಮಾಸ್ತರ ಕಣ್ಣು ಮೂರನೆಯ ಕೀಯ ಮೇಲೆ ನಿಂತಿತ್ತು. ಮೆಲ್ಲಗೆ ಹತ್ತಿರ ಹೋದರು, ಕನ್ನಡಕ ಮೇಲೆ ಮಾಡಿದರು. ಕೀಯ ತಲೆಯ ಅಂಚಿನಲ್ಲಿ ಅರದಿಂದ ಎಳೆದ ಎರಡು ಸಣ್ಣ ಗೆರೆ. ಪಕ್ಕದ ಕೀಯಲ್ಲೂ ಎರಡು ಗೆರೆ. ಒಂಬತ್ತರಲ್ಲಿ ಆರಕ್ಕೆ ಅದೇ ಗುರುತು. ಕೆಲವು ಇಪ್ಪತ್ತು ವರ್ಷ ಹಳೆಯವು, ಗೆರೆ ಸವೆದು ಉಗುರಿಗಷ್ಟೇ ಸಿಗುತ್ತಿತ್ತು.

“ಇದು... ಇದನ್ನೆಲ್ಲ ಎಲ್ಲಿ ಮಾಡಿಸಿದ್ದು?”

“ಬಸ್ ನಿಲ್ದಾಣದ ಹಿಂದೆ ಮೆಟ್ಟಿಲ ಕೆಳಗೆ ಒಬ್ಬ ಕೂತಿರ್ತಾನೆ, ಅವನ ಹತ್ರ. ಜಂಬ ಜಾಸ್ತಿ. ಒಂದು ಕೀ ಕೇಳೋಕೆ ಹೋದ್ರೆ ಯಾವ ಏರಿಯಾ ಹೇಗೆ ಅಂತ ಭಾಷಣ ಕೇಳ್ಬೇಕು. ಆದ್ರೆ ಕೀ ಮಾತ್ರ ಚೆನ್ನಾಗಿ ಮಾಡ್ತಾನೆ, ಸುಳ್ಳು ಹೇಳಬಾರದು.”

ಬಾಗಿಲಲ್ಲಿ ನಿಂತಿದ್ದ ಡ್ರೈವರು ಕೆಮ್ಮಿದ. ಮಾಸ್ತರು ಗಂಟಲು ಸರಿ ಮಾಡಿಕೊಂಡರು.

“ಅದು ನಾನೇ.”

ನರ್ಸಮ್ಮ ಬಗ್ಗಿ, ಕತ್ತು ಓರೆ ಮಾಡಿ ಅವರ ಮುಖ ನೋಡಿದಳು.

“ಹೌದಾ? ಅಲ್ಲಿ ಯಾವಾಗಲೂ ಬಗ್ಗಿಕೊಂಡೇ ಇರ್ತೀಯಲ್ಲಪ್ಪ. ಮುಖ ಯಾರಿಗೆ ಕಾಣುತ್ತೆ!”

ಡೂಪ್ಲಿಕೇಟ್ ಕೀಗಳಿಗೆ ತಮ್ಮ ಗುರುತಿನ ಎರಡು ಗೆರೆ ಹಾಕುತ್ತಿದ್ದರೂ ಮಾಸ್ತರು ಅವನ್ನು ಪುಸ್ತಕಕ್ಕೆ ಹತ್ತಿಸುತ್ತಲೇ ಇರಲಿಲ್ಲ. ಒಂದು ನಿಮಿಷದ ಕೆಲಸ, ಅದರಲ್ಲಿ ವಿದ್ಯೆಯೇನಿದೆ? ಯಾರೋ ಬರುತ್ತಾರೆ, ಒಂದು ಕೀ ಕೊಟ್ಟು ಎರಡು ಒಯ್ಯುತ್ತಾರೆ. ಎರಡನೆಯದು ಎಲ್ಲಿಗೆ ಹೋಗುತ್ತದೆಂದು ಅವರು ಒಮ್ಮೆಯೂ ಕೇಳಿರಲಿಲ್ಲ. ಐದು ಸಂಪುಟಗಳಲ್ಲಿ ಅವರು ಬರೆದಿಟ್ಟದ್ದು, ಬಾಗಿಲು ಮುಚ್ಚಿಕೊಂಡಾಗ ಕೀ ಕೇಳಲು ಪಕ್ಕದಲ್ಲಿ ಒಬ್ಬರೂ ಇಲ್ಲದವರ ವಿಳಾಸಗಳನ್ನು. ಅದರಲ್ಲಿ ಬೀದಿ ಹುಡುಕುತ್ತ ಎರಡು ತಿಂಗಳು ಕಳೆದಿದ್ದರು.

ಏಳನೆಯ ನಂಬರಿನ ಮೊಳೆ ಖಾಲಿಯಿತ್ತು.

“ಅದು ಪ್ರೆಸ್ಸಿನ ಅಣ್ಣನದು. ಹೋಗುವಾಗ ವಾಪಸ್ ಕೊಟ್ಟೆ,” ಎಂದಳು ನರ್ಸಮ್ಮ. “ಮಂಗಳವಾರ ಒಬ್ಬಳು ಬಂದು ಅವನ ಮೆಟ್ಟಿಲ ಮೇಲೆ ಕೂತಿದ್ದಳು. ಮಂಡಿ ಉಜ್ಜಿಕೊಳ್ತಿದ್ದಳು. ನೀರು ಬೇಕೇನಮ್ಮಾ ಅಂದೆ. ಅರ್ಧ ಗಂಟೆ ಮಾತಾಡಿದ್ವಿ. ಬಟ್ಟೆ ಹೊಲೀತಾಳಂತೆ. ಈ ಮನೆ ತಗೊಳ್ಳಮ್ಮ ಅಂದ್ರೆ, ನಮ್ಮನೆಯವರಿಗೆ ಒಪ್ಪಿಗೆ ಆಗ್ಬೇಕು, ಅವರಿಗೆ ಯಾವುದೂ ಒಪ್ಪಿಗೆ ಆಗಲ್ಲ ಅಂದಳು. ಹೇಳುವಾಗ ಪಾಪ, ಕಣ್ಣು ಬೇರೆ ಕಡೆ ತಿರುಗಿಸ್ಕೊಂಡಳು.”

ಮಾಸ್ತರು ಖಾಲಿ ಮೊಳೆಯನ್ನೇ ನೋಡುತ್ತಿದ್ದರು. ನರ್ಸಮ್ಮ ಅವರನ್ನು ನೋಡಿದಳು, ಡ್ರೈವರನ್ನು ನೋಡಿದಳು, ಮತ್ತೆ ಅವರನ್ನು ನೋಡಿದಳು.

“ಅಯ್ಯೋ! ಅದೂ ನೀನೇನಾ?”

ಮಾಸ್ತರು ಅಲ್ಲಿಂದಲೇ ದಲ್ಲಾಳಿಗೆ ಫೋನ್ ಮಾಡಿದರು.

“ಮಾಸ್ತರೇ, ಕಾರಿನವರು ಈಗಲೇ ಬರ್ತಾ ಇದಾರೆ ನನ್ನ ಆಫೀಸಿಗೆ,” ಎಂದ ದಲ್ಲಾಳಿ. “ನಿಮ್ಮದು ಮೂರು ದಿನದಿಂದ ಸುದ್ದೀನೇ ಇಲ್ಲ.”

“ನೀನೇ ಶನಿವಾರ ಅಂದಿದ್ದೆ!”

“ಅಂದಿದ್ದೆ, ಸರಿ. ಆದ್ರೆ...”

ನರ್ಸಮ್ಮ ಫೋನನ್ನು ಕೈಯಿಂದ ಕಿತ್ತುಕೊಂಡಳು. “ಏನಪ್ಪಾ, ಅದೇ ಉದ್ದ ಕಾರಿನವರಾ? ನಿನ್ನೆ ಬಂದಿದ್ರು. ಕಾರು ಎಲ್ಲಿ ನಿಲ್ಲಿಸೋದು ಅಂತ ಕೇಳಿದ್ರು. ಇಲ್ಲಿ ತಂದ್ರೆ ಅದನ್ನ ಹಿಂದೆ ತಿರುಗಿಸೋಕೆ ಆಗಲ್ಲ, ಶಾಲೆ ಗೋಡೆ ಒಡೀಬೇಕಾಗುತ್ತೆ ಅಂತ ಡ್ರೈವರ್ ಅಳತೆ ಹಿಡಿದು ತೋರಿಸಿದ. ಅವರು ಬರ್ತಿರೋದು ಮನೆ ಬೇಡ ಅಂತ ಹೇಳೋಕೇ ಇರ್ಬೇಕು. ನೀನು ಕೊಟ್ಟ ಮಾತಿಗೆ ನಿಂತ್ಕೋ. ಈ ಮನುಷ್ಯ ಈಗಲೇ ಬರ್ತಾನೆ.”

ಫೋನ್ ಹಿಂದಕ್ಕೆ ಕೊಡುತ್ತ ಹೇಳಿದಳು, “ನಾವೂ ವಿಚಾರಿಸ್ಕೋಬೇಕಲ್ಲಪ್ಪ, ಯಾರು ಬರ್ತಾರೆ, ಎಂಥೋರು ಅಂತ. ನಿನಗೊಬ್ಬನಿಗೇನಾ ಪುಸ್ತಕ ಇರೋದು?”

ಆ ಸಂಜೆ ಮಾಸ್ತರು ನಲವತ್ತೊಂದು ಮೆಟ್ಟಿಲು ಹತ್ತಿ ಬಂದು, ಚೀಲ ಇಳಿಸಿ, ಮಷೀನಿನ ಪಕ್ಕ ನಿಂತರು. ಹೇಳಬೇಕಾದ್ದು ಬಹಳವಿತ್ತು: ಹಲಗೆ, ಮೊಳೆ, ಎರಡು ಗೆರೆ, ಟೈಲರಕ್ಕ, ತೇಲುತ್ತಿದ್ದ ಹಾಸಿಗೆ. ಬಾಯಿಗೆ ಬಂದದ್ದು ಮಾತ್ರ ಇಷ್ಟು.

“ಆ ಏಳನೇ ನಂಬರಿನ ಬೀಗ ಸರಿ ಇಲ್ಲ ಕಣೇ. ಬದಲಾಯಿಸ್ಬೇಕು.”

ಹೆಂಡತಿ ಪೆಡಲಿನಿಂದ ಕಾಲು ತೆಗೆದಳು. “ತಗೊಂಡ್ರಾ?”

“ಮುಂಗಡ ಕೊಟ್ಟು ಬಂದೆ.”

ಆಕೆ ಹೊಲಿಯುತ್ತಿದ್ದ ಬಟ್ಟೆಯ ಅಂಚನ್ನು ಬೆರಳಿನಿಂದ ನೇರ ಮಾಡಿದಳು, ಮತ್ತೆ ನೇರ ಮಾಡಿದಳು. ಆಮೇಲೆ ಕೇಳಿದಳು.

“ಹೊಸ ಬೀಗಕ್ಕೆ ಎಷ್ಟು ಕೀ?”

“ಮೂರು.”

ಆಕೆ ಡಬ್ಬಿ ತೆರೆದು ದಾರದ ಉಂಡೆಗಳಲ್ಲಿ ಕೈಯಾಡಿಸಿದಳು. ಕೆಂಪನ್ನೇ ಹುಡುಕುತ್ತಿದ್ದಳೆಂದು ಮಾಸ್ತರಿಗೆ ಗೊತ್ತಾಯಿತು. ಗೊತ್ತಾಗದವರ ಹಾಗೆ ಕೈಕಾಲು ತೊಳೆಯಲು ಹೋದರು.

ಮನೆ ಬದಲಾಯಿಸಿದ ಮೇಲೆ ಆರು ವಾರಕ್ಕೆ, ಒಂದು ಸಂಜೆ ಮಾಸ್ತರು ಅಂಗಡಿಯಿಂದ ಬಂದಾಗ ಏಳನೆಯ ನಂಬರಿಗೆ ಬೀಗ ಹಾಕಿತ್ತು. ಹೆಂಡತಿ ಬಟ್ಟೆ ಕೊಡಲು ಹೋಗಿದ್ದಳು. ಜೇಬು ತಡಕಿದರು. ಕೀ ಅಂಗಡಿಯ ಮಷೀನಿನ ಮೇಲೆ ಉಳಿದಿತ್ತು. ಹೆಗಲಲ್ಲಿ ಚೀಲವಿತ್ತು, ಚೀಲದಲ್ಲಿ ತಂತಿಯಿತ್ತು, ಎದುರಿಗಿದ್ದ ಬೀಗವನ್ನು ಕೂಡಿಸಿದವರೇ ಅವರು. ಕಣ್ಣು ಮುಚ್ಚಿಕೊಂಡರೂ ಎರಡು ನಿಮಿಷದ ಕೆಲಸ. ಮಾಸ್ತರು ಸ್ವಲ್ಪ ಹೊತ್ತು ನಿಂತರು. ಆಮೇಲೆ ಬೀದಿ ದಾಟಿ ಆರನೆಯ ನಂಬರಿನ ಬಾಗಿಲು ತಟ್ಟಿದರು.

“ನರ್ಸಮ್ಮ, ನಮ್ಮ ಕೀ ಕೊಡ್ತೀರಾ?”

ಆಕೆ ಚೀಲ ನೋಡಿದಳು. “ಅದರಲ್ಲಿ ಎಲ್ಲ ಇದೆಯಲ್ಲ?”

“ಇದೆ. ಅದು ಬೇರೆಯವರ ಮನೆಗೆ.”

“ಹಾಗಾದ್ರೆ ಕೂತ್ಕೋ. ಒಲೆ ಮೇಲೆ ಚಹಾ ಇದೆ.”

ಚಹಾ ಆಯಿತು. ನರ್ಸಮ್ಮ ಹಳೆಯ ಡಾಕ್ಟರೊಬ್ಬರ ಕತೆ ತೆಗೆದಳು. ಡ್ರೈವರು ಬಂದು ಅದು ಹಾಗಲ್ಲ, ಹೀಗೆ ಎಂದು ತಿದ್ದಿದ. ಕೀ ತರಲು ಎರಡು ಸಲ ಎದ್ದವಳು ಎರಡು ಸಲವೂ ನಡುವೆ ಇನ್ನೊಂದು ನೆನಪಾಗಿ ಕೂತಳು. ಮಾಸ್ತರು ಅವಸರ ಮಾಡಲಿಲ್ಲ. ತೆರೆದ ಬಾಗಿಲಿನಿಂದ ಅಡುಗೆಮನೆಯ ಹಲಗೆ ಕಾಣುತ್ತಿತ್ತು. ಏಳನೆಯ ಮೊಳೆಯ ಕೆಂಪು ದಾರ ಗಾಳಿಗೆ ಸ್ವಲ್ಪ ಅಲ್ಲಾಡುತ್ತಿತ್ತು.

“ಮಾಸ್ತರೇ, ಎಷ್ಟು ನಿಮಿಷ ಆಯ್ತು?” ಎಂದು ಡ್ರೈವರು ಕೀಟಲೆ ಮಾಡಿದ.

ಮಾಸ್ತರು ಗಡಿಯಾರ ನೋಡಿದರು. ಮೂವತ್ತೈದು ನಿಮಿಷ. ಅವರ ಜೀವಮಾನದಲ್ಲೇ ಇಷ್ಟು ತಡವಾಗಿ ತೆರೆದ ಬೀಗ ಇರಲಿಲ್ಲ. ಬೀದಿಯ ಆ ತುದಿಯಲ್ಲಿ ಹೆಂಡತಿ ಖಾಲಿ ಚೀಲ ಮಡಿಸಿ ಹಿಡಿದು, ಯಾರೊಡನೆಯೋ ಮಾತಾಡುತ್ತ, ಅವಸರವಿಲ್ಲದೆ ಬರುತ್ತಿದ್ದಳು.

ಮರುದಿನ ಅಂಗಡಿಯಲ್ಲಿ ಪುಸ್ತಕ ತೆರೆದಾಗ ಮಾಸ್ತರು ಇದನ್ನು ಅದರಲ್ಲಿ ಬರೆಯಲಿಲ್ಲ.